ಬದನೆ ಸಸಿ ಬಾಡಿದ್ದಕ್ಕೆ ಅತ್ತಿಗೆಗೆ ಉತ್ತರ

ಅತ್ತಿಗೆ, ನಮಸ್ಕಾರ. ನಿನ್ನೆ ಸಂಜೆ ನೀವು ಗುಂಪಿನಲ್ಲಿ ಹಾಕಿದ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದೆ. ಆಗಸ್ಟ್‌ನಲ್ಲಿ ನೆಟ್ಟ 6 ಬದನೆ ಸಸಿಗಳಲ್ಲಿ ಎರಡು, ಎಲೆ ಇನ್ನೂ ಹಸಿರಾಗಿರುವಾಗಲೇ ಜೋತುಬಿದ್ದಿವೆ. ನೀರು ಸಾಲದೆ ಹೀಗಾಯಿತೇ, ದಿನಕ್ಕೆ ಇನ್ನೊಂದು ಚೊಂಬು ಹೆಚ್ಚು ಹಾಕಲೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ.

ಮಣ್ಣು ಕೆಸರಾಗಿರುವಾಗ ಗಿಡ ಬಾಡಿದರೆ ತೊಂದರೆ ಇರುವುದು ಬೇರಿನಲ್ಲಿ ಅಥವಾ ಕಾಂಡದಲ್ಲಿ. ಬಾಡಿದ ಒಂದು ಗಿಡವನ್ನು ಕಿತ್ತು, ಬುಡದ ಹತ್ತಿರ ಕಾಂಡವನ್ನು ಕತ್ತರಿಸಿ, ಆ ತುದಿ ಮುಳುಗುವಂತೆ ತಿಳಿನೀರಿನ ಗಾಜಿನ ಲೋಟದಲ್ಲಿ ಅಲುಗಾಡಿಸದೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಹಾಲಿನಂಥ ಬಿಳಿ ಎಳೆಗಳು ಕೆಳಕ್ಕೆ ಇಳಿದರೆ ಅದು ದುಂಡಾಣು ಸೊರಗು ರೋಗ. ರೋಗ ಹಿಡಿದ ಗಿಡ ಮತ್ತೆ ಚೇತರಿಸಿಕೊಳ್ಳುವುದಿಲ್ಲ. ಬೇರಿನ ಸುತ್ತಲಿನ ಮಣ್ಣಿನೊಂದಿಗೆ ತೆಗೆದು ದೂರ ಸುಟ್ಟುಬಿಡಿ, ಗೊಬ್ಬರದ ಗುಂಡಿಗೆ ಎಸೆಯಬೇಡಿ, ಕತ್ತಿಯನ್ನೂ ಚೆನ್ನಾಗಿ ತೊಳೆಯಿರಿ. ಎಳೆ ಕಾಣಿಸದಿದ್ದರೆ ನೀರು ನಿಂತು ಬೇರು ಕೊಳೆತಿರುವ ಸಾಧ್ಯತೆಯೇ ಹೆಚ್ಚು. ಹಾಗಿದ್ದರೆ ಪಾತಿಯ ಪಕ್ಕದಲ್ಲಿ ಸಣ್ಣ ಚರಂಡಿ ತೋಡಿದರೆ ಉಳಿದ ನಾಲ್ಕು ಬದುಕಬಹುದು.

ನಾನೂ ಮೊದಲ ಸಲ ಟೊಮೆಟೊ ಕಿತ್ತ ಪಾತಿಯಲ್ಲೇ ಬದನೆ ನೆಟ್ಟು ಎಲ್ಲವನ್ನೂ ಕಳೆದುಕೊಂಡಿದ್ದೆ. ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆ ಎಲ್ಲವೂ ಬದನೆಯ ಕುಟುಂಬದವೇ ಆಗಿರುವುದರಿಂದ ಆ ರೋಗ ಮಣ್ಣಿನಲ್ಲೇ ಉಳಿದು ಮುಂದಿನ ಗಿಡಕ್ಕೆ ಹತ್ತುತ್ತದೆ. ನಮ್ಮ ಕಡೆ ಶುಂಠಿ ಸೊರಗಿದ ಜಾಗವನ್ನೂ ಬಿಟ್ಟುಬಿಡುವುದು ಕ್ಷೇಮ.

ಆದ್ದರಿಂದ ಮರದ ನೆರಳಿಲ್ಲದ, ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಬೇರೆ ಜಾಗದಲ್ಲಿ ಹೊಸದಾಗಿ ಆರಂಭಿಸಿ. ಕೊಡಗಿನ ಮಳೆಗೆ ತೊಳೆದುಹೋದ ಮಣ್ಣು ಹುಳಿಯಾಗಿರುತ್ತದೆ, ಕಾಫಿ ತೋಟಕ್ಕೆ ಸುಣ್ಣ ಹಾಕುವುದೂ ಅದಕ್ಕಾಗಿಯೇ. ಅದೇ ಕೃಷಿ ಸುಣ್ಣವನ್ನು ಚದರ ಮೀಟರಿಗೆ ಸುಮಾರು 200 ಗ್ರಾಂನಷ್ಟು ಈಗಲೇ ಮಣ್ಣಿಗೆ ಬೆರೆಸಿ, ಕೊಟ್ಟಿಗೆ ಗೊಬ್ಬರವನ್ನು ಎರಡು ಮೂರು ವಾರ ಬಿಟ್ಟು ಹಾಕಿ. ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಹಾರಿಹೋಗುತ್ತದೆ. ಮಣ್ಣನ್ನು ಒಂದು ಗೇಣು ಎತ್ತರಕ್ಕೆ ಏರಿಸಿ ಮಡಿ ಮಾಡಿ. ನನ್ನ ಅನುಭವದಲ್ಲಿ ಬೇರೆಲ್ಲ ಆರೈಕೆಗಿಂತ ಈ ಏರುಮಡಿಯೇ ಮುಖ್ಯ.

ಬೀಜವನ್ನು ಈ ಸೆಪ್ಟೆಂಬರ್‌ನಲ್ಲಿ ಮಾಡಿನ ಕೆಳಗೆ ಕುಂಡದಲ್ಲಿ ಬಿತ್ತಿದರೆ ನಾಲ್ಕೈದು ವಾರಗಳಲ್ಲಿ, ಮಳೆಯ ರಭಸ ಇಳಿದಿರುವಾಗ, ಸಸಿಗಳು ನಾಟಿಗೆ ಸಿದ್ಧವಾಗುತ್ತವೆ. ಗಿಡದಿಂದ ಗಿಡಕ್ಕೆ ಎರಡು ಅಡಿ ಬಿಡಿ, ಮೋಡ ಮುಸುಕಿದ ಸಂಜೆಯಲ್ಲಿ ನೆಡಿ. ತಳಿಯ ವಿಷಯದಲ್ಲಿ ಆತುರ ಬೇಡ: ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬಿಡುಗಡೆ ಮಾಡಿದ ಅರ್ಕಾ ಕೇಶವ, ಅರ್ಕಾ ನಿಧಿ, ಅರ್ಕಾ ನೀಲಕಂಠ ಈ ಸೊರಗು ರೋಗವನ್ನು ತಡೆದುಕೊಳ್ಳುತ್ತವೆ. ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಬೀಜವಿದೆಯೇ ಎಂದು ವಿಚಾರಿಸಿ. ಕಾಡು ಸುಂಡೆಯ ಬುಡಕ್ಕೆ ಕಸಿ ಕಟ್ಟಿದ ಬದನೆ ಸಸಿ ಎಲ್ಲಾದರೂ ಸಿಕ್ಕಿದರೆ ಇನ್ನೂ ಒಳ್ಳೆಯದು.

ಗಿಡ ಬೆಳೆದ ಮೇಲೆ ಒಂದೊಂದು ಕುಡಿ ಮಾತ್ರ ಬಾಡಿ ಬಾಗಿದರೆ ಗಾಬರಿಯಾಗಬೇಡಿ, ಅದು ಬೇರೆ ವಿಷಯ. ಒಳಗೆ ಕುಡಿ ಮತ್ತು ಕಾಯಿ ಕೊರೆಯುವ ಹುಳು ಇರುತ್ತದೆ. ಬಾಡಿದ ಕುಡಿಯನ್ನು ಒಂದು ಅಂಗುಲ ಕೆಳಗಿನಿಂದ ಚಿವುಟಿ ನಾಶಮಾಡಿ, ತೂತು ಬಿದ್ದ ಕಾಯಿಯನ್ನು ಗಿಡದಲ್ಲಿ ಉಳಿಸಬೇಡಿ. ಮೊದಮೊದಲ ಹೂಗಳು ಕೆಲವು ಉದುರುವುದು ಸಹಜ. ಬದನೆಯಲ್ಲಿ ಶಲಾಕೆ, ಅಂದರೆ ಹೂವಿನ ನಡುವಿನ ಕಡ್ಡಿಯಂಥ ಹೆಣ್ಣು ಭಾಗ, ಗಿಡ್ಡವಾಗಿರುವ ಹೂಗಳು ಸಾಮಾನ್ಯವಾಗಿ ಕಾಯಿ ಕಟ್ಟುವುದಿಲ್ಲ.

ನಾಟಿಯಾಗಿ ಎರಡರಿಂದ ಎರಡೂವರೆ ತಿಂಗಳಿಗೆ, ಅಂದರೆ ಹುತ್ತರಿ ಕಳೆದ ಮೇಲೆ ಮೊದಲ ಕಾಯಿ ಸಿಗುತ್ತದೆ, ಚಳಿ ಜಾಸ್ತಿಯಾದರೆ ಸ್ವಲ್ಪ ತಡವಾದೀತು. ಸಿಪ್ಪೆಯ ಹೊಳಪು ಮಾಸುವ ಮೊದಲೇ ಕೊಯ್ಯಿರಿ, ಬೀಜ ಬಲಿತರೆ ಅಕ್ಕಿರೊಟ್ಟಿಗೆ ಮಾಡುವ ಸುಟ್ಟ ಬದನೆಯ ಗೊಜ್ಜು ಕಹಿಯಾಗುತ್ತದೆ. ಲೋಟದ ಪರೀಕ್ಷೆಯನ್ನು ನಾಳೆ ಬೆಳಿಗ್ಗೆಯೇ ಮಾಡಿ ಅದರ ಚಿತ್ರ ಇಲ್ಲಿ ಹಾಕಿ, ಅಲ್ಲಿಯವರೆಗೆ ಉಳಿದ ನಾಲ್ಕು ಗಿಡಗಳ ಬುಡ ಕೆದಕಬೇಡಿ.