67ರ ಚರ್ಮಕ್ಕೆ ಮೂರು ಡಬ್ಬಿ ಮಾತ್ರೆ: ಯಾವುದು ಇಟ್ಕೊಳ್ಳಲಿ, ಯಾವುದು ಬಿಡಲಿ?

ಹಳೇ ಸ್ಲೇಟು

ಎಲ್ಲರಿಗೂ ನಮಸ್ಕಾರ. ಮೂವತ್ತೊಂದು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳು ನಾನು. ಹಂತ ಬಿಟ್ಟು ಬರೆಯೋ ಅಭ್ಯಾಸ ಇಲ್ಲ, ಪ್ರಶ್ನೆ ಉದ್ದ ಆದ್ರೆ ಬೇಜಾರು ಮಾಡ್ಕೋಬೇಡಿ.

ಎರಡು ವರ್ಷದಿಂದ ಕೈ ಚರ್ಮ ಈರುಳ್ಳಿ ಸಿಪ್ಪೆ ಥರ ಆಗಿದೆ. ಬಾಗಿಲ ಚಿಲಕ ಸವರಿದ್ರೂ ಸಾಕು, ಮುಂಗೈ ಮೇಲೆ ನೇರಳೆ ಕಲೆ ಬಿದ್ದು ಹದಿನೈದು ದಿನ ಹೋಗಲ್ಲ. ಮೊಣಕಾಲ ಕೆಳಗೆ ಉಗುರಲ್ಲಿ ಗೀಚಿದ್ರೆ ಸ್ಲೇಟಿನ ಮೇಲೆ ಬರೆದ ಹಾಗೆ ಬಿಳಿ ಗೆರೆ ಮೂಡುತ್ತೆ. ರಾತ್ರಿ ಎರಡು ಗಂಟೆಗೆ ಸರಿಯಾಗಿ ತುರಿಕೆ ಎಬ್ಬಿಸುತ್ತೆ. ಮುಖದ ಸುಕ್ಕಿನ ಮೇಲೆ ನನಗೇನೂ ತಕರಾರಿಲ್ಲ, ಅವು ನನ್ನ ಸ್ವಂತ ಸಂಪಾದನೆ. ಈ ತುರಿಕೆ ಒಂದು ತೊಲಗಿದ್ರೆ ಸಾಕು.

ಫೋನಲ್ಲಿ ಮಗಳ ಹತ್ರ ಇದನ್ನ ಹೇಳ್ಕೊಂಡೆ. ವಾರದೊಳಗೆ ಮೂರು ಡಬ್ಬಿ ಬಂತು. ಒಂದು ಕೊಲಾಜೆನ್ (ಚರ್ಮಕ್ಕೆ ಬಿಗಿ ಕೊಡೋ ಪ್ರೋಟೀನು) ಪುಡಿ, ದಿನಕ್ಕೆ 10 ಗ್ರಾಂ. ಇನ್ನೊಂದರ ಮೇಲೆ ‘ಕೂದಲು, ಚರ್ಮ, ಉಗುರು’ ಅಂತ ಬರೆದಿದೆ. ಮೂರನೇದು ವಿಟಮಿನ್ ಎ, ಇ ಎರಡೂ ಸೇರಿರೋ ಕ್ಯಾಪ್ಸೂಲ್. ತಪ್ಪದೆ ತಗೊಂಡು ನಾಲ್ಕು ತಿಂಗಳಾಯ್ತು. ಉಗುರು ಒಂಚೂರು ಗಟ್ಟಿ ಆದಂಗಿದೆ. ತುರಿಕೆ ಕಮ್ಮಿ ಆಗೋದಿರಲಿ, ಇತ್ತೀಚೆಗೆ ತುಟಿಯೂ ಒಡೀತಿದೆ.

ಇದಲ್ಲದೆ ಬಿಪಿ ಮಾತ್ರೆ, ರಕ್ತ ತೆಳು ಮಾಡೋ ಮಾತ್ರೆ ಮೊದಲಿಂದ ಇವೆ. ಹೋದ ವಾರ ರಕ್ತ ಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಜಾಸ್ತಿ ಕೆಲಸ ಮಾಡ್ತಿದೆ ಅಂತ ಬೇರೆ ಬಂದಿದೆ. ಅದು ಬೇರೆ ಕಥೆ, ಬಿಡಿ.

ಮೂರೂ ಮುಂದುವರಿಸಲಾ? ಅಥವಾ ಒಂದನ್ನಾದ್ರೂ ಬಿಡಬಹುದಾ?

ಬೆಳಗಿನ ಬಿಸಿಲು

ಅಕ್ಕಾ, ಉಳಿದಿದ್ದು ಏನಾದ್ರೂ ಮಾಡಿ, ಕೊಲಾಜೆನ್ ಮಾತ್ರ ಬಿಡಬೇಡಿ. ನನಗೆ 58. ಮೂರು ತಿಂಗಳಲ್ಲೇ ಮುಖಕ್ಕೆ ಕಳೆ ಬಂತು ಅಂತ ಎಲ್ಲರೂ ಹೇಳಿದ್ರು. (ಅದೇ ತಿಂಗಳು ರಾತ್ರಿ ಪಾಳಿ ಬಿಟ್ಟಿದ್ದೆ, ನಿದ್ದೆಯೂ ಚೆನ್ನಾಗಿ ಆಗ್ತಿತ್ತು. ಆದ್ರೂ ಪುಡಿಯದೇ ಗುಣ ಅಂತ ನನ್ನ ನಂಬಿಕೆ.)

ಮಾತ್ರೆಪೆಟ್ಟಿಗೆ

ಮೇಡಂ, ಆಸ್ಪತ್ರೆಯ ಔಷಧಿ ವಿಭಾಗದಲ್ಲೇ ಕೂದಲು ಬೆಳ್ಳಗಾದವನು ನಾನು. ‘ಅದು ಬೇರೆ ಕಥೆ’ ಅಂದ್ರಲ್ಲ, ನನ್ನ ಕಣ್ಣು ಮೊದಲು ನಿಂತಿದ್ದೇ ಅಲ್ಲಿ. ‘ಕೂದಲು, ಚರ್ಮ, ಉಗುರು’ ಡಬ್ಬಿ ತಿರುಗಿಸಿ, ಬಯೋಟಿನ್ ಅನ್ನೋ ಬಿ ಗುಂಪಿನ ವಿಟಮಿನ್ ಎಷ್ಟಿದೆ ನೋಡಿ.

ದೊಡ್ಡವರಿಗೆ ದಿನಕ್ಕೆ 30 ಮೈಕ್ರೋಗ್ರಾಂ ಬಯೋಟಿನ್ ಸಾಕು. ಈ ಜಾತಿಯ ಮಾತ್ರೆಗಳಲ್ಲಿ 5,000, 10,000 ಇರೋದು ಮಾಮೂಲು. ಹೆಚ್ಚಾಗಿದ್ದು ಮೂತ್ರದಲ್ಲಿ ಹೋಗುತ್ತೆ, ದೇಹಕ್ಕೆ ದೊಡ್ಡ ಅಪಾಯ ಇಲ್ಲ. ತೊಂದರೆ ಆಗೋದು ಲ್ಯಾಬಿನಲ್ಲಿ. ಹಾರ್ಮೋನು ಅಳೆಯೋ ಎಷ್ಟೋ ಪರೀಕ್ಷೆಗಳಲ್ಲಿ ಬಯೋಟಿನ್ನನ್ನೇ ಕೊಕ್ಕೆ ಥರ ಬಳಸ್ತಾರೆ. ನಿಮ್ಮ ರಕ್ತದಲ್ಲೇ ಬಯೋಟಿನ್ ತುಂಬಿ ತುಳುಕ್ತಿದ್ರೆ ಕೊಕ್ಕೆ ಸಿಕ್ಕಿಸೋ ಜಾಗವೆಲ್ಲ ಅದೇ ಹಿಡಿದುಬಿಡುತ್ತೆ. ಆಗ ಟಿಎಸ್‌ಎಚ್ (ಥೈರಾಯ್ಡನ್ನ ಕೆಲಸಕ್ಕೆ ಹಚ್ಚೋ ಹಾರ್ಮೋನು) ಇರೋದಕ್ಕಿಂತ ಕಮ್ಮಿ, ಟಿ4 (ಥೈರಾಯ್ಡೇ ಮಾಡೋ ಹಾರ್ಮೋನು) ಇರೋದಕ್ಕಿಂತ ಜಾಸ್ತಿ ಅಂತ ಬರುತ್ತೆ. ಕಾಗದದ ಮೇಲೆ ನೋಡಿದವರಿಗೆ ಥೈರಾಯ್ಡ್ ಅತಿಯಾಗಿದೆ ಅಂತಲೇ ಕಾಣೋದು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಹೃದಯಾಘಾತ ಪತ್ತೆ ಮಾಡೋ ಟ್ರೋಪೋನಿನ್ ಪರೀಕ್ಷೆಯೂ ಹೀಗೇ ಮೋಸ ಹೋಗಬಹುದು, ಇದ್ದ ಆಘಾತ ಇಲ್ಲ ಅನ್ನಬಹುದು.

ಥೈರಾಯ್ಡ್‌ಗೆ ಮಾತ್ರೆ ಬರೆದುಕೊಟ್ಟಿದ್ರೆ ನುಂಗೋ ಮೊದಲು ಡಾಕ್ಟರಿಗೆ ಈ ಡಬ್ಬಿ ತೋರಿಸಿ. ಬಯೋಟಿನ್ ಕಡೇಪಕ್ಷ ಎರಡು ದಿನ ನಿಲ್ಲಿಸಿ ಮತ್ತೆ ರಕ್ತ ಕೊಡೋದು ವಾಡಿಕೆ, ನಿಮಗೆ ಎಷ್ಟು ದಿನ ಅಂತ ಅವರೇ ಹೇಳಲಿ.

ಮೂರನೇ ಡಬ್ಬಿ ಮೇಲೂ ನನಗೆ ಸಿಟ್ಟಿದೆ. ವಿಟಮಿನ್ ಎ ರೆಟಿನಾಲ್ ರೂಪದಲ್ಲಿದ್ರೆ ದಿನದ ಮೇಲ್ಮಿತಿ 3,000 ಮೈಕ್ರೋಗ್ರಾಂ, ಅಂದ್ರೆ 10,000 ಯೂನಿಟ್. ಇದು ಮೂತ್ರದಲ್ಲಿ ಹೋಗೋ ಗಿರಾಕಿ ಅಲ್ಲ, ಯಕೃತ್ತಿನಲ್ಲಿ ಶೇಖರವಾಗುತ್ತೆ. ಅತಿಯಾದ್ರೆ ಚರ್ಮ ಒಣಗುತ್ತೆ, ತುರಿಸುತ್ತೆ, ತುಟಿ ಒಡೆಯುತ್ತೆ. ಯಾವುದಕ್ಕೆ ಮದ್ದು ಅಂತ ತಗೊಂಡ್ರೋ ಅದನ್ನೇ ತಂದಿಡುತ್ತೆ! ವಯಸ್ಸಾದವರ ಮೂಳೆಗೂ ಒಳ್ಳೇದಲ್ಲ. ಇನ್ನು ವಿಟಮಿನ್ ಇ, ದೊಡ್ಡ ಪ್ರಮಾಣದಲ್ಲಿ ರಕ್ತ ತೆಳು ಮಾಡೋ ಮಾತ್ರೆ ಜೊತೆ ಸೇರಿದ್ರೆ ರಕ್ತಸ್ರಾವದ ಭಯ ಹೆಚ್ಚುತ್ತೆ. ನಿಮ್ಮ ನೇರಳೆ ಕಲೆಗೆ ವಯಸ್ಸು, ಹಳೇ ಬಿಸಿಲು ಕಾರಣ ಇರಬಹುದು, ಅದಕ್ಕೆ ಇದೂ ಕೈ ಜೋಡಿಸೋದು ಬೇಡ. ಕ್ಯಾಪ್ಸೂಲ್ ಇವತ್ತೇ ಪಕ್ಕಕ್ಕಿಡಿ. ರಕ್ತ ತೆಳು ಮಾಡೋ ಮಾತ್ರೆ ಮಾತ್ರ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ.

ಕೊಲಾಜೆನ್ ಪಾಪದ್ದು. ಹೊಟ್ಟೆಗೆ ಹೋದ್ಮೇಲೆ ಅದು ಅಮೈನೋ ಆಮ್ಲ (ಪ್ರೋಟೀನಿನ ಬಿಡಿ ಮಣಿಗಳು), ಸಣ್ಣ ಸಣ್ಣ ಪೆಪ್ಟೈಡು (ಆ ಮಣಿಗಳ ಚಿಕ್ಕ ಸರ) ಆಗಿ ಒಡೆಯುತ್ತೆ. ನೇರವಾಗಿ ಹೋಗಿ ಕೆನ್ನೆಯಲ್ಲಿ ಕೂರಲ್ಲ. ದಿನಕ್ಕೆ 2.5ರಿಂದ 10 ಗ್ರಾಂ, ಎರಡು ಮೂರು ತಿಂಗಳು ಕೊಟ್ಟ ಪ್ರಯೋಗಗಳಲ್ಲಿ ಚರ್ಮದ ತೇವ, ಬಿಗಿ ಸ್ವಲ್ಪ ಸುಧಾರಿಸಿದ್ದು ಕಂಡಿದೆ. ಆದ್ರೆ 2025ರಲ್ಲಿ ಇಂಥ 23 ಪ್ರಯೋಗಗಳನ್ನ ಒಟ್ಟಿಗೆ ಹಾಕಿ ನೋಡಿದಾಗ, ಕಂಪನಿ ದುಡ್ಡಿಲ್ಲದೆ ನಡೆದವುಗಳಲ್ಲಿ ಗುಣ ಕಾಣಲಿಲ್ಲ. ಬಿಸಿಲು ಮೇಡಂ ಬೇಜಾರು ಮಾಡ್ಕೋಬಾರದು.

ಕಿಟಕಿ ಪಕ್ಕ

ನನಗೂ ಒಂದು ವರ್ಷ ಇದೇ ತುರಿಕೆ ಇತ್ತು, ಗುಳ್ಳೆ ಇಲ್ಲ, ಕೆಂಪಿಲ್ಲ. 74 ಆಯ್ತಲ್ಲ, ಒಣ ಚರ್ಮ ಅಂತ ಎಲ್ಲರೂ ತಳ್ಳಿಹಾಕಿದ್ರು. ಕೊನೆಗೆ ಒಬ್ಬ ಹುಡುಗಿ ಡಾಕ್ಟರು ಕಿಡ್ನಿ, ಲಿವರ್, ಕಬ್ಬಿಣ ಎಲ್ಲ ಪರೀಕ್ಷೆ ಮಾಡಿಸಿದ್ರು. ಕಬ್ಬಿಣ ತಳ ಮುಟ್ಟಿತ್ತು. ಯಾಕೆ ಅಂತ ಹುಡುಕಿದ್ರೆ ಹೊಟ್ಟೆಯ ಹುಣ್ಣಿಂದ ರಕ್ತ ಸೋರ್ತಿತ್ತು. ಹುಣ್ಣಿಗೆ ಔಷಧಿ, ಮೇಲೆ ಕಬ್ಬಿಣದ ಮಾತ್ರೆ ಕೊಟ್ರು, ನಿಧಾನಕ್ಕೆ ತುರಿಕೆ ಇಳೀತು. ಮಾತ್ರೆ ಕೆಲಸ ಮಾಡ್ತು ನಿಜ, ನನ್ನಲ್ಲಿ ಕಬ್ಬಿಣವೇ ಕಮ್ಮಿ ಇತ್ತು ಅನ್ನೋದಕ್ಕೆ. ರಕ್ತ ತೆಳು ಮಾಡೋ ಮಾತ್ರೆ ನುಂಗೋ ನೀವು ಇದನ್ನೂ ಕೇಳಿ ನೋಡಿ.

ಅಲ್ಲೀವರೆಗೆ: ಸ್ನಾನಕ್ಕೆ ಸುಡುನೀರು ಬೇಡ, ಉಗುರುಬೆಚ್ಚಗೆ ಸಾಕು. ಸೋಪು ಕಂಕುಳು, ಸಂದಿಗಳಿಗಷ್ಟೇ. ಟವೆಲ್ಲಿಂದ ತಿಕ್ಕದೆ ಒತ್ತಿ, ಮೈ ಇನ್ನೂ ಪಸೆ ಇದ್ದಾಗಲೇ ವಾಸನೆ ಇಲ್ಲದ ಗಟ್ಟಿ ಕ್ರೀಮು ಹಚ್ಚಿ. ಕೂದಲು ಇರೋ ದಿಕ್ಕಿಗೇ ಸವರಿ. ನಾನು ಬಚ್ಚಲಲ್ಲೇ ಸ್ಟೂಲ್ ಹಾಕ್ಕೊಂಡು ಕೂತು ಹಚ್ಕೋತೀನಿ, ನೆಲ ಜಾರುತ್ತೆ ಜೋಪಾನ.

ಮಾತ್ರೆಪೆಟ್ಟಿಗೆ

ಒಂದು ಮಾತು ಬಿಟ್ಟಿದ್ದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ನಾಲ್ಕೂವರೆ ವರ್ಷ ಒಂದು ಪ್ರಯೋಗ ಮಾಡಿದ್ರು, ಈ ಫಲಿತಾಂಶ 2013ರಲ್ಲಿ ಪ್ರಕಟವಾಯ್ತು. 55ರ ಒಳಗಿನವರ ಅಂಗೈ ಹಿಂಭಾಗದ ಚರ್ಮದ ಅಚ್ಚು ತೆಗೆದು ಗೆರೆ ಅಳೆದ್ರು. ದಿನಾ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ, ಮನಸ್ಸು ಬಂದಾಗ ಹಚ್ಚಿದವರಿಗಿಂತ ಚರ್ಮದ ಮುಪ್ಪು 24% ಕಮ್ಮಿ. ಅದೇ ಪ್ರಯೋಗದಲ್ಲಿ ಕೆಲವರಿಗೆ ಬೀಟಾ ಕ್ಯಾರೋಟಿನ್ (ದೇಹದಲ್ಲಿ ವಿಟಮಿನ್ ಎ ಆಗೋದು) ಮಾತ್ರೆಯನ್ನೂ ಕೊಟ್ಟಿದ್ರು. ಅದರಿಂದ ಆ ಗೆರೆಗಳಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ.

ಹಳೇ ಸ್ಲೇಟು

ಮೂರು ವಾರ ಆದ್ಮೇಲೆ ಬರೀತಿದ್ದೀನಿ.

ಭೂತಗನ್ನಡಿ ಹಿಡಿದು ಲೇಬಲ್ ಓದಿದೆ. ಬಯೋಟಿನ್ 10,000 ಮೈಕ್ರೋಗ್ರಾಂ. ಭಾಗಿಸು 30. ಮುನ್ನೂರ ಮೂವತ್ತಮೂರು, ಶೇಷ 10. ಒಂದೊಂದು ಮಾತ್ರೆಯಲ್ಲೂ ಹನ್ನೊಂದು ತಿಂಗಳ ಪಾಲು ನುಂಗಿದ್ದೀನಿ! ಪರೀಕ್ಷೆಗೆ ಮುಂಚೆ ಯಾವ ಮಾತ್ರೆ ತಗೋತೀರಿ ಅಂತ ಲ್ಯಾಬಲ್ಲಿ ಕೇಳಿದ್ರು, ಬಿಪಿಯದ್ದು ಮಾತ್ರ ಹೇಳಿದ್ದೆ. ಇವನ್ನ ಮಾತ್ರೆ ಅಂತ ನಾನೇ ಲೆಕ್ಕಕ್ಕೆ ತಗೊಂಡಿರಲಿಲ್ಲ.

ಡಾಕ್ಟರು ಡಬ್ಬಿ ನೋಡಿ, ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ ಅಂದ್ರು. ಥೈರಾಯ್ಡ್ ಸರಿಯಾಗಿದೆ. ಕಬ್ಬಿಣವೂ ನೆಟ್ಟಗಿದೆ ಕಿಟಕಿಯವರೇ. ಎ-ಇ ಕ್ಯಾಪ್ಸೂಲ್ ಅವರೇ ಬಿಡಿಸಿದ್ರು, ತುಟಿ ಕೂಡಿಕೊಳ್ತಿದೆ. ಸ್ಟೂಲ್ ಬಚ್ಚಲಿಗೆ ಬಂದಿದೆ. ತುರಿಕೆ ಪೂರ್ತಿ ಹೋಗಿಲ್ಲ, ಆದ್ರೆ ಹೋದ ವಾರ ನಾಲ್ಕು ರಾತ್ರಿ ಬೆಳಗಿನ ತನಕ ಮಲಗಿದ್ದೆ.

ಕೊಲಾಜೆನ್ ಪುಡಿ ಅರ್ಧ ಡಬ್ಬಿ ಉಳಿದಿದೆ. ದಿನಾ ಒಂದು ಚಮಚ ಹಾಕ್ಕೊಂಡು ಮುಗಿಸ್ತಿದ್ದೀನಿ, ಮಗಳು ವಿಡಿಯೋ ಕರೆಯಲ್ಲಿ ಡಬ್ಬಿ ಎಷ್ಟು ಖಾಲಿ ಆಗಿದೆ ಅಂತ ನೋಡ್ತಾಳೆ.