ಎಬಿಎಸ್ ದೀಪ ಬರುತ್ತದೆ, ಹೋಗುತ್ತದೆ: ಮಾಡ್ಯೂಲ್ ಬದಲಾಯಿಸಬೇಕಾ?

ಪ್ರಶ್ನೆ:
ಅಣ್ಣಾ, ನಮ್ಮ ಗಾಡಿಗೆ ಐದು ವರ್ಷ. ಒಂದು ತಿಂಗಳಿಂದ ಡ್ಯಾಶ್‌ಬೋರ್ಡ್‌ನಲ್ಲಿ ಎಬಿಎಸ್, ಟ್ರಾಕ್ಷನ್ ಕಂಟ್ರೋಲ್, ಹಿಲ್ ಹೋಲ್ಡ್ ಮೂರೂ ಹಳದಿ ದೀಪ ಒಟ್ಟಿಗೆ ಹತ್ತಿಕೊಳ್ಳುತ್ತವೆ. ಇಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಮಾಯ. ನಾಲ್ಕು ದಿನ ಸುಮ್ಮನಿದ್ದು ಮತ್ತೆ ಶುರು. ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತದೆ. ವರ್ಕ್‌ಶಾಪ್‌ಗೆ ತಗೊಂಡು ಹೋದ ದಿನ ದೀಪ ಬರಲೇ ಇಲ್ಲ, ಗಾಡಿಯ ಕಂಪ್ಯೂಟರ್ ಬರೆದಿಟ್ಟಿದ್ದ ತೊಂದರೆಯ ಕೋಡ್ ಅಳಿಸಿ ಕಳಿಸಿದರು. ಎರಡನೇ ಸಲ ಹೋದಾಗ ಎಬಿಎಸ್ ಮಾಡ್ಯೂಲ್ (ಅದರ ಕಂಪ್ಯೂಟರ್ ಪೆಟ್ಟಿಗೆ) ಬದಲಾಯಿಸಿ ನೋಡೋಣ ಅಂದರು. ಮೂರೂ ಒಟ್ಟಿಗೆ ಕೆಡುತ್ತವಾ? ಹಾಕಿಸಿಬಿಡಲಾ?

ಉತ್ತರ (ಆಟೋ ಎಲೆಕ್ಟ್ರಿಷಿಯನ್):
ಸದ್ಯಕ್ಕೆ ಬೇಡ. ಮೂರು ದೀಪ ಹತ್ತಿದವು ಅಂದರೆ ಮೂರು ಕಡೆ ಕೆಟ್ಟಿದೆ ಅಂತಲ್ಲ. ನಾಲ್ಕು ಚಕ್ರದ ಹತ್ತಿರ ಒಂದೊಂದು ಸ್ಪೀಡ್ ಸೆನ್ಸರ್ ಇರುತ್ತದೆ. ಬ್ರೇಕ್ ಒತ್ತಿದಾಗ ಚಕ್ರ ತಿರುಗದೆ ಲಾಕ್ ಆಗುತ್ತಿದೆಯಾ ಅಂತ ಎಬಿಎಸ್ ಅದನ್ನೇ ಕೇಳುತ್ತದೆ. ಚಕ್ರ ಸುಮ್ನೆ ತಿರುಗುತ್ತಿದೆಯಾ ಅಂತ ಟ್ರಾಕ್ಷನ್ ಕಂಟ್ರೋಲೂ ಅದನ್ನೇ ಕೇಳುತ್ತದೆ. ಏರಿನಲ್ಲಿ ಗಾಡಿ ಹಿಂದೆ ಜಾರದಂತೆ ಹಿಡಿಯುವ ಹಿಲ್ ಹೋಲ್ಡ್ ಕೂಡ ಅದೇ ಬ್ರೇಕ್ ಯೂನಿಟ್ ನಂಬಿಕೊಂಡಿದೆ. ಒಂದೇ ಬಾವಿಯಿಂದ ಮೂರು ಮನೆಗೆ ನೀರು ಹೋದ ಹಾಗೆ. ಬಾವಿ ಕೆಟ್ಟರೆ ಮೂರು ಮನೆಯವರೂ ಕೂಗುತ್ತಾರೆ ಅಲ್ವಾ?

ಕೋಡ್ ಅಳಿಸಿದ್ದು ನನಗೆ ಬೇಜಾರು. ಹಲವು ಗಾಡಿಗಳಲ್ಲಿ ಕೋಡ್ ಜೊತೆಗೆ ಆ ಕ್ಷಣದ ಸ್ಪೀಡ್, ವೋಲ್ಟೇಜ್ ಎಲ್ಲ ದಾಖಲಾಗಿರುತ್ತದೆ. ಅಳಿಸಿದರೆ ಅದೂ ಹೋಯಿತು. ಕಳ್ಳನ ಹೆಜ್ಜೆಯನ್ನು ನಾವೇ ಗುಡಿಸಿ ಹಾಕಿದ ಹಾಗೆ. ಇನ್ನು ಮೇಲೆ ಮೊದಲು ಕೋಡ್‌ನ ಫೋಟೊ, ಆಮೇಲೆ ಅಳಿಸುವ ಮಾತು.

ಈಗ ನೀವು ಒಂದೆರಡು ವಾರ ಬರೆದಿಡಿ. ದೀಪ ಬಂದಾಗ ಗಾಡಿ ನೇರ ಹೋಗುತ್ತಿತ್ತಾ, ತಿರುಗುತ್ತಿತ್ತಾ? ಹಂಪ್ ಹಾರಿತ್ತಾ? ಮಳೆ ಬಂದಿತ್ತಾ, ಗಾಡಿ ತೊಳೆಸಿದ್ದಿರಾ? ಎಸಿ, ಹೆಡ್‌ಲೈಟ್ ಎಲ್ಲ ಆನ್ ಇತ್ತಾ? ಇಂಜಿನ್ ತಣ್ಣಗಿತ್ತಾ, ಬಿಸಿಯಾಗಿತ್ತಾ? ಬಂದು ಹೋಗುವ ತೊಂದರೆಯಲ್ಲಿ ಯಾವ ದೀಪ ಅನ್ನುವುದಕ್ಕಿಂತ ಯಾವಾಗ ಅನ್ನುವುದೇ ನನಗೆ ಜಾಸ್ತಿ ಬೇಕು.

ಜೊತೆಗೆ ಮಲ್ಟಿಮೀಟರ್ ಇದ್ದರೆ ಬ್ಯಾಟರಿ ನೋಡಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ಫುಲ್ ಚಾರ್ಜ್, 12.2 ಅಂದರೆ ಅರ್ಧ. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.7. ಹೊಸ ಗಾಡಿಗಳಲ್ಲಿ ಇಂಧನ ಉಳಿಸಲು ಕಂಪ್ಯೂಟರೇ ಆಲ್ಟರ್ನೇಟರಿನ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ವೋಲ್ಟೇಜನ್ನು ಆಗಾಗ ಇಳಿಸುತ್ತದೆ. ಒಂದು ನಿಮಿಷ ಕಡಿಮೆ ತೋರಿಸಿತು ಅಂತ ಆಲ್ಟರ್ನೇಟರ್ ಬಿಚ್ಚಿಸಬೇಡಿ.

ಇನ್ನೊಂದು ಮಾತು. ಹಳದಿ ಎಬಿಎಸ್ ದೀಪ ಮಾತ್ರ ಇದ್ದರೆ ಮಾಮೂಲಿ ಬ್ರೇಕ್ ಕೆಲಸ ಮಾಡುತ್ತದೆ, ಜೋರಾಗಿ ಒತ್ತಿದರೆ ಚಕ್ರ ಲಾಕ್ ಆಗಬಹುದು ಅಷ್ಟೆ. ಅದರ ಜೊತೆ ಕೆಂಪು ಬ್ರೇಕ್ ದೀಪವೂ ಬಂದರೆ ಗಾಡಿ ಓಡಿಸಬೇಡಿ. ಬ್ರೇಕ್ ಆಯಿಲ್ ಮಟ್ಟ ನೋಡಿ ಫೋನ್ ಮಾಡಿ.

ಇನ್ನೊಬ್ಬ ಸದಸ್ಯರು:
ನನ್ನ ಹತ್ತಿರ ಫೋನಿಗೆ ಜೋಡಿಸುವ ಚಿಕ್ಕ ಸ್ಕ್ಯಾನರ್ ಇದೆ. ನನ್ನ ಗಾಡಿಯಲ್ಲೂ ಎಬಿಎಸ್ ದೀಪ ಉರಿಯುತ್ತಿದೆ, ಆದರೆ ಸ್ಕ್ಯಾನರ್ ‘ಏನೂ ಇಲ್ಲ’ ಅನ್ನುತ್ತದೆ. ಯಾವುದನ್ನು ನಂಬಲಿ?

ಉತ್ತರ:
ದೀಪವನ್ನು ನಂಬಿ. ಅಂಥ ಸ್ಕ್ಯಾನರ್ ಹೆಚ್ಚಾಗಿ ಇಂಜಿನ್ ಕಂಪ್ಯೂಟರನ್ನು ಮಾತ್ರ ಮಾತಾಡಿಸುತ್ತದೆ. ಅಲ್ಲಿನ ಕೋಡ್ ‘ಪಿ’ಯಿಂದ ಶುರುವಾಗುತ್ತದೆ. ಬ್ರೇಕ್‌ದು ‘ಸಿ’, ಏರ್‌ಬ್ಯಾಗ್‌ದು ‘ಬಿ’, ಕಂಪ್ಯೂಟರ್‌ಗಳ ನಡುವಿನ ಮಾತು ಕಡಿದರೆ ‘ಯು’. ಎಬಿಎಸ್ ಪೆಟ್ಟಿಗೆಯನ್ನು ಅದು ಕೇಳಿಯೇ ಇಲ್ಲ. ಪಕ್ಕದ ಮನೆ ಬಾಗಿಲು ತಟ್ಟಿ ‘ಇಲ್ಲಿ ಎಲ್ಲ ಕ್ಷೇಮ’ ಅಂತ ಬರೆದುಕೊಂಡು ಬಂದಿದೆ!

ಪ್ರಶ್ನೆ ಕೇಳಿದವರು (12 ದಿನದ ನಂತರ):
ಅಣ್ಣಾ, ಬರೆದಿಟ್ಟೆ. ಒಟ್ಟು 7 ಸಲ ಬಂತು. ಅದರಲ್ಲಿ 5 ಸಲ ಸ್ಟೇರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿದಾಗ, ಗೇಟಿನಿಂದ ರಿವರ್ಸ್ ತೆಗೆಯುವಾಗ ಇಲ್ಲವೇ ಯೂ ಟರ್ನ್‌ನಲ್ಲಿ. ಒಂದು ಸಲ ಹಂಪ್ ಮೇಲೆ. ಇನ್ನೊಂದು ಗಮನಿಸಲಿಲ್ಲ. ಮಳೆಗೂ ಇದಕ್ಕೂ ಸಂಬಂಧ ಕಾಣಲಿಲ್ಲ. ಬ್ಯಾಟರಿ ಬೆಳಿಗ್ಗೆ 12.5, ಇಂಜಿನ್ ಓಡುವಾಗ 14.2.

ಉತ್ತರ:
ಅರ್ಧ ಕೆಲಸ ನೀವೇ ಮಾಡಿಬಿಟ್ಟಿರಿ. ಬ್ಯಾಟರಿ ಸರಿ ಇದೆ. ಸ್ಟೇರಿಂಗ್ ತಿರುಗಿಸಿದಾಗ ಮಾಡ್ಯೂಲ್ ಅಲುಗಾಡುವುದಿಲ್ಲ. ಅಲುಗಾಡುವುದು ಮುಂದಿನ ಚಕ್ರ, ಅದರ ಜೊತೆ ಸೆನ್ಸರ್ ವೈರ್. ಚಕ್ರ ತಿರುಗಿದಾಗೆಲ್ಲ, ಹಂಪ್ ಹಾರಿದಾಗೆಲ್ಲ ಆ ವೈರ್ ಬಗ್ಗಿ ಏಳುತ್ತದೆ. ಐದು ವರ್ಷದಲ್ಲಿ ಎಷ್ಟು ಸಾವಿರ ಸಲ ಬಗ್ಗಿರಬೇಕು ಲೆಕ್ಕ ಹಾಕಿ.

ಎಬಿಎಸ್ ಓದುವ ಸ್ಕ್ಯಾನರ್ ಇರುವವರ ಹತ್ತಿರ ಹೋಗಿ. ನಾಲ್ಕೂ ಚಕ್ರದ ಸ್ಪೀಡನ್ನು ಒಟ್ಟಿಗೆ ತೆರೆಯಿರಿ. ಖಾಲಿ ಜಾಗದಲ್ಲಿ ನಿಧಾನವಾಗಿ, ಸ್ಟೇರಿಂಗ್ ಪೂರ್ತಿ ಬಲಕ್ಕೆ ಹಿಡಿದು ಸುತ್ತು ಹಾಕಿ. ಪರದೆ ನೋಡಲು ಪಕ್ಕದಲ್ಲಿ ಇನ್ನೊಬ್ಬರು ಇರಲಿ. ತಿರುವಿನಲ್ಲಿ ಹೊರಗಿನ ಚಕ್ರ ಸ್ವಲ್ಪ ಜಾಸ್ತಿ, ಒಳಗಿನದು ಸ್ವಲ್ಪ ಕಡಿಮೆ ತೋರಿಸುವುದು ಮಾಮೂಲು. ಆದರೆ ಮೂರು ಚಕ್ರ 10ರ ಆಸುಪಾಸಿನಲ್ಲಿದ್ದು ಒಂದು ಮಾತ್ರ ಸೊನ್ನೆಗೆ ಬಿದ್ದು ಎದ್ದರೆ ಅದೇ ನಿಮ್ಮ ಕಳ್ಳ.

ಆ ಚಕ್ರ ಬಿಚ್ಚಿಸಿ ಮೂರು ಜಾಗ ನೋಡಲು ಹೇಳಿ. ಮೊದಲು ಕಪ್ಲರ್ (ವೈರ್ ಜೋಡಿಸುವ ಪ್ಲಗ್): ಒಳಗಿನ ಪಿನ್‌ನಲ್ಲಿ ಹಸಿರು ಕಿಲುಬು ಇದೆಯಾ. ಆಮೇಲೆ ಸೆನ್ಸರ್ ತುದಿ: ಅಲ್ಲಿ ತುಕ್ಕು ಅಥವಾ ಕಬ್ಬಿಣದ ಪುಡಿ ಕೂತಿದೆಯಾ. ಕೊನೆಗೆ ಶಾಕ್ ಅಬ್ಸಾರ್ಬರ್ ಹತ್ತಿರ ವೈರನ್ನು ಹಿಡಿದಿಡುವ ಕ್ಲಿಪ್ಪು. ಇದನ್ನು ಯಾರೂ ನೋಡುವುದಿಲ್ಲ, ನನಗೆ ಅನುಮಾನ ಅದರ ಮೇಲೆಯೇ. ಹಿಂದೆ ಯಾವಾಗಲಾದರೂ ಶಾಕ್ ಅಬ್ಸಾರ್ಬರ್ ಬದಲಾಯಿಸಿದ್ದಿರಾ?

ಮತ್ತೊಬ್ಬ ಸದಸ್ಯರು:
ಸರ್, ನಮ್ಮದು ಬೇರೆ ಕಥೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಪವರ್ ಸ್ಟೇರಿಂಗ್, ಎಬಿಎಸ್, ಏರ್‌ಬ್ಯಾಗ್, ಎಲ್ಲ ಹತ್ತಿ ಡ್ಯಾಶ್‌ಬೋರ್ಡ್ ಜಾತ್ರೆಯಾಗುತ್ತದೆ. ಮಧ್ಯಾಹ್ನ ಏನೂ ಇಲ್ಲ.

ಉತ್ತರ:
ಒಂದಕ್ಕೊಂದು ಸಂಬಂಧ ಇಲ್ಲದ ದೀಪಗಳು ಒಟ್ಟಿಗೆ ಬಂದರೆ ಮೊದಲು ಕರೆಂಟ್ ನೋಡಿ. ತಣ್ಣಗಿರುವ ಬ್ಯಾಟರಿಗೆ ಶಕ್ತಿ ಕಡಿಮೆ, ತಣ್ಣಗಿರುವ ಇಂಜಿನ್ ತಿರುಗಿಸಲು ಕಷ್ಟ ಜಾಸ್ತಿ. ಸ್ಟಾರ್ಟ್ ಮಾಡುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿ ಸೋತಿರಬಹುದು. ಕಂಪ್ಯೂಟರ್‌ಗಳು ಅರೆಗಳಿಗೆ ಮಂಕಾಗಿ ಒಂದರ ಮೇಲೊಂದು ದೂರು ಬರೆಯುತ್ತವೆ.

ಬ್ಯಾಟರಿ ಚೆನ್ನಾಗಿದ್ದರೆ ಅರ್ಥಿಂಗ್ (ಬ್ಯಾಟರಿ ಮೈನಸ್‌ನಿಂದ ಬಾಡಿಗೆ, ಇಂಜಿನ್‌ಗೆ ಹೋಗುವ ಪಟ್ಟಿ) ನೋಡಿ. ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಇಂಜಿನ್ ಬ್ಲಾಕ್‌ಗೆ ಇಟ್ಟು ಸ್ಟಾರ್ಟ್ ಮಾಡಿಸಿ. 0.5 ವೋಲ್ಟ್ ದಾಟಿದರೆ ಅರ್ಥ್ ಪಟ್ಟಿ ಬಿಚ್ಚಿ ತಿಕ್ಕಿ ಬಿಗಿ ಮಾಡಿ.

ಇನ್ನೊಬ್ಬ ಸದಸ್ಯರು:
ಸೀಟು ಹಿಂದೆ ಮುಂದೆ ಮಾಡಿದಾಗ ಏರ್‌ಬ್ಯಾಗ್ ದೀಪ ಬರುತ್ತದೆ. ಸೀಟಿನ ಕೆಳಗೆ ಹಳದಿ ಕಪ್ಲರ್ ಕಂಡಿತು. ಮಲ್ಟಿಮೀಟರ್ ಇಟ್ಟು ನೋಡಲಾ?

ಉತ್ತರ:
ಬೇಡವೇ ಬೇಡ! ಹಳದಿ ಕಪ್ಲರ್ ಅಂದರೆ ಏರ್‌ಬ್ಯಾಗ್ ಲೈನು. ಮೀಟರಿನಿಂದ ಹೋಗುವ ಚೂರು ಕರೆಂಟಿಗೂ ಬ್ಯಾಗ್ ಸಿಡಿಯುವ ಅಪಾಯ ಇದೆ. ನಿಮ್ಮ ಅನುಮಾನ ಸರಿ, ಅಲ್ಲೇ ಲೂಸ್ ಕಾಂಟ್ಯಾಕ್ಟ್ ಇರಬಹುದು. ಸೀಟಿನ ಕೆಳಗೆ ಛತ್ರಿ, ಬಾಟಲಿ ತುರುಕುವವರ ಗಾಡಿಯಲ್ಲಿ ಇದು ಮಾಮೂಲು. ಆದರೆ ಬ್ಯಾಟರಿ ಬಿಚ್ಚಿ, ಕಂಪನಿ ಹೇಳಿದಷ್ಟು ಹೊತ್ತು ಕಾದು, ಅದನ್ನು ಬಲ್ಲವರೇ ಮುಟ್ಟಬೇಕು. ಮುಂದಕ್ಕೂ ಹಾಕಬೇಡಿ. ದೀಪ ಉರಿಯುತ್ತಿದ್ದರೆ ಅಪಘಾತದಲ್ಲಿ ಬ್ಯಾಗ್ ತೆರೆಯದೇ ಇರಬಹುದು.

ಇನ್ನೊಬ್ಬ ಸದಸ್ಯರು:
ಚೆಕ್ ಇಂಜಿನ್ ದೀಪ ನಾಲ್ಕು ದಿನ ಇದ್ದು ತಾನೇ ಹೋಯಿತು. ಮರೆತುಬಿಡಬಹುದಾ?

ಉತ್ತರ:
ದೀಪ ಹೋದರೂ ಕೋಡ್ ಒಳಗೇ ಕೂತಿರುತ್ತದೆ. ಸಾಮಾನ್ಯವಾಗಿ ಸತತ ಮೂರು ಓಡಾಟದಲ್ಲಿ ತೊಂದರೆ ಕಾಣದಿದ್ದರೆ ದೀಪ ಆರುತ್ತದೆ. ಕೋಡ್ ಅಳಿಯಲು ಇಂಜಿನ್ 40 ಸಲ ತಣ್ಣಗಿನಿಂದ ಬಿಸಿಯಾಗಬೇಕು. ಹಾಗಾಗಿ ಈಗಲೂ ಓದಿಸಬಹುದು. ಪೆಟ್ರೋಲ್ ಗಾಡಿಯಾದರೆ ಟ್ಯಾಂಕ್ ಮುಚ್ಚಳದ ರಬ್ಬರ್ ಒಮ್ಮೆ ನೋಡಿ, ಅದು ಸರಿ ಕೂರದಿದ್ದರೂ ಈ ದೀಪ ಬರಬಹುದು. ದೀಪ ಮಿನುಗಿದರೆ ಮಾತ್ರ ಕಾಯಬೇಡಿ. ಅದು ಮಿಸ್‌ಫೈರ್, ಅಂದರೆ ಇಂಜಿನ್ ಒಳಗೆ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಉರಿಯದ ಪೆಟ್ರೋಲ್ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ.

ಪ್ರಶ್ನೆ ಕೇಳಿದವರು:
ಅಣ್ಣಾ, ಸಿಕ್ಕಿತು! ಎಡಗಡೆ ಮುಂದಿನ ಚಕ್ರ. ಬಲಕ್ಕೆ ತಿರುಗಿಸಿದಾಗ ಮೂರು ಚಕ್ರ 9, 10, 11 ಅಂತ ತೋರಿಸುತ್ತಿದ್ದರೆ ಇದು ಪಟ್ ಅಂತ ಸೊನ್ನೆ. ಹೋದ ವರ್ಷ ಶಾಕ್ ಅಬ್ಸಾರ್ಬರ್ ಬದಲಾಯಿಸಿದ್ದು ನಿಜ. ಆಗ ಕ್ಲಿಪ್ ಮುರಿದು ಹಾಗೇ ಬಿಟ್ಟಿದ್ದಾರೆ. ವೈರ್ ಹೊರಗಿನಿಂದ ಹೊಸದರ ಹಾಗೆ ಕಾಣುತ್ತಿತ್ತು. ಬೆರಳಲ್ಲಿ ಹಿಡಿದು ಬಗ್ಗಿಸಿದರೆ ಒಂದು ಕಡೆ ಮಾತ್ರ ಬತ್ತಿಯ ಹಾಗೆ ಮೆತ್ತಗಿತ್ತು. ಅಲ್ಲಿ ಸೀಳಿ ನೋಡಿದರೆ ಒಳಗಿನ ತಾಮ್ರದ ಎಳೆ ಪೂರ್ತಿ ತುಂಡು. ಜೋಡಿಸಿ ಟೇಪ್ ಸುತ್ತಿದರೆ ಸಾಕಲ್ವಾ?

ಉತ್ತರ:
ಸಾಲದು. ಬಗ್ಗುವ ಜಾಗದಲ್ಲಿ ಹಾಕಿದ ಜೋಡು ಆರು ತಿಂಗಳೂ ಬಾಳುವುದು ಅನುಮಾನ. ವೈರ್ ಸಮೇತ ಬರುವ ಸೆನ್ಸರ್ ಹಾಕಿಸಿ, ಮುಖ್ಯವಾಗಿ ಕ್ಲಿಪ್ ಹೊಸದು ಹಾಕಿಸಿ. ಕ್ಲಿಪ್ ಇಲ್ಲದಿದ್ದರೆ ಹೊಸ ವೈರಿಗೂ ಇದೇ ಗತಿ.

ಪ್ರಶ್ನೆ ಕೇಳಿದವರು (ಮರುದಿನ):
ಎರಡೂ ಹಾಕಿಸಿದೆ. ಆದರೆ ಸ್ಟಾರ್ಟ್ ಮಾಡಿದರೆ ಎಬಿಎಸ್ ದೀಪ ಇನ್ನೂ ಉರಿಯುತ್ತಿದೆ!

ಉತ್ತರ:
ನಿಂತಲ್ಲೇ ನೋಡಬೇಡಿ, ಸ್ವಲ್ಪ ದೂರ ಓಡಿಸಿ. ಚಕ್ರ ತಿರುಗಿ ಸೆನ್ಸರ್ ಸರಿಯಾಗಿ ಹೇಳುತ್ತಿದೆ ಅಂತ ಕಂಪ್ಯೂಟರ್‌ಗೆ ಖಾತ್ರಿಯಾಗಬೇಕು.

ಪ್ರಶ್ನೆ ಕೇಳಿದವರು:
ರಸ್ತೆ ತುದಿ ಮುಟ್ಟುವ ಮೊದಲೇ ಮೂರೂ ಆರಿದವು ಅಣ್ಣಾ. ಯೂ ಟರ್ನ್ ಬೇಕಂತಲೇ ನಾಲ್ಕು ಸಲ ಹಾಕಿದೆ.