ಗಿಡ ಅಂದರೆ ಜೀವ ಬಿಡುತ್ತಿದ್ದ ಅಮ್ಮನ ವರ್ಷಾಬ್ದಿಕಕ್ಕೆ ಏನು ಮಾಡಿದರೆ ಚೆನ್ನ? ನಿಮ್ಮ ಅನುಭವ ಹೇಳಿ

ಕೇಳಿದವರು:
ಬರುವ ಜೂನ್‌ಗೆ ನಮ್ಮ ಅಮ್ಮ ಹೋಗಿ ವರ್ಷ ತುಂಬುತ್ತದೆ. ಊರು ಸಾಗರದ ಹತ್ತಿರ. ಅಮ್ಮನಿಗೆ ಗಿಡ, ಹಕ್ಕಿ, ಹಳ್ಳ ಅಂದರೆ ಜೀವ. ಯಾರ ಮನೆಗೆ ಹೋದರೂ ಸೆರಗಿನಲ್ಲಿ ಯಾವುದೋ ಒಂದು ಕಡ್ಡಿ ಸುತ್ತಿಕೊಂಡೇ ಬರುತ್ತಿದ್ದರು. ನಾವಿರುವುದು ಬೆಂಗಳೂರಿನಲ್ಲಿ. ಮಗನಿಗೆ ಒಂಬತ್ತು, ಮಗಳಿಗೆ ಆರು. ಅಜ್ಜಿಯ ನೆನಪು ಇವರಲ್ಲಿ ಉಳಿಯಬೇಕು ಅಂತ ಆಸೆ. ತಿಥಿ ದಿನ ಬಂದವರಿಗೆಲ್ಲ ಒಂದೊಂದು ಗಿಡ ಕೊಟ್ಟು, ಊರಲ್ಲಿ ಒಂದು ಮರ ನೆಡೋಣ ಅಂದುಕೊಂಡಿದ್ದೇವೆ. ಹೀಗೆ ಮಾಡಿದವರು ಯಾರಾದರೂ ಇದ್ದೀರಾ?

ಶಿರಸಿಯಿಂದ:
ಅಮ್ಮನ ಹಿತ್ತಲಲ್ಲಿ ಈಗ ಏನೇನು ಉಳಿದಿದೆ? ಮೊದಲು ಅದನ್ನು ನೋಡಿ. ನರ್ಸರಿ ಗಿಡ ಹಂಚುವುದು ಆಮೇಲಿನ ಮಾತು. ನೆಂಟರೊಬ್ಬರ ಸಮಾರಾಧನೆಯಲ್ಲಿ ಬಂದವರ ಕೈಗೆಲ್ಲ ಗಿಡ ಕೊಟ್ಟರು. ಊಟ ಮುಗಿಸಿ ಹೊರಗೆ ಬಂದರೆ ಅರ್ಧಕ್ಕರ್ಧ ಗಿಡ ಚಪ್ಪಲಿ ಬಿಡುವ ಜಾಗದಲ್ಲೇ ಕೂತಿದ್ದವು. ಬಸ್ಸಿಗೆ ಬಂದವರು ಪಾಪ ಏನು ಮಾಡುತ್ತಾರೆ?

ನಮ್ಮ ಅತ್ತೆಗೆ ಡೇರೆ ಹೂವಿನ (ಡೇಲಿಯಾ) ಹುಚ್ಚು. ಮಳೆಗಾಲ ಬಂತೆಂದರೆ ಅಂಗಳದ ತುಂಬ ಡೇರೆಯೇ. ಅವರು ಹೋದ ವರ್ಷ ಗಿಡ ಒಣಗಿದ ಮೇಲೆ ಗೆಡ್ಡೆ ಕಿತ್ತು, ಮಣ್ಣು ಕೊಡವಿ, ನೆರಳಲ್ಲಿ ಆರಿಸಿ, ಒಣ ಮರಳಿನಲ್ಲಿ ಹುಗಿದಿಟ್ಟೆವು. ಒಂದು ವಿಷಯ ಗೊತ್ತಿರಲಿ. ಗೆಡ್ಡೆ ಬಿಡಿಸುವಾಗ ಕುತ್ತಿಗೆಯ ಹತ್ತಿರ ಹಳೇ ದಂಟಿನ ಬುಡದ ಚೂರು ಅಂಟಿಕೊಂಡೇ ಇರಬೇಕು. ಮೊಳಕೆ ಒಡೆಯುವುದು ಅಲ್ಲಿಂದ. ಕುತ್ತಿಗೆ ಮುರಿದ ಗೆಡ್ಡೆ ಎಷ್ಟು ದಪ್ಪಗಿದ್ದರೂ ದಂಡ, ಮಣ್ಣೊಳಗೆ ಕೂತು ಕೊಳೆಯುತ್ತದೆ ಅಷ್ಟೇ.

ಮುಂಗಾರಿನ ಹೊತ್ತಿಗೆ, ಅತ್ತೆಯ ಜೊತೆ ಗೆಡ್ಡೆ ಬದಲು ಮಾಡಿಕೊಳ್ಳುತ್ತಿದ್ದ ಹೆಂಗಸರಿಗೆ ಮಾತ್ರ ಹೇಳಿ ಕಳಿಸಿದೆವು. ತಗೊಂಡು ಹೋಗಲು ಬಂದವರಲ್ಲಿ ಕೆಲವರು ತಮ್ಮ ಮನೆಯಿಂದಲೂ ಗೆಡ್ಡೆ ತಂದಿದ್ದರು. “ಇದು ನಿಮ್ಮತ್ತೆ ಕೊಟ್ಟಿದ್ದೇ. ಈ ಬಣ್ಣ ಈಗ ನಿಮ್ಮಲ್ಲಿಲ್ಲ, ಇಟ್ಕೊಳಿ” ಅಂದರು. ಅತ್ತೆ ಯಾರ ಬೇಲಿ ಹಾರಿ ಯಾವ ಗಿಡ ತಂದಿದ್ದರು, ಯಾವ ಬಣ್ಣ ಸಿಗದೆ ಯಾರ ಜೊತೆ ಮಾತು ಬಿಟ್ಟಿದ್ದರು, ಎಲ್ಲ ಕತೆ ಅವತ್ತು ಹೊರಬಿತ್ತು. ನಕ್ಕು ನಕ್ಕು ಸಾಕಾಯಿತು. ಫೋಟೋಗೆ ಹಾರ ಹಾಕಿ ಭಾಷಣ ಮಾಡಿಸಿದ್ದರೆ ಇದು ಯಾವುದೂ ಬರುತ್ತಿರಲಿಲ್ಲ, ಅಲ್ವಾ?

ಬಟ್ಟೆಯಲ್ಲಿ ಕಟ್ಟಿಟ್ಟ ಬೆಂಡೆ, ಹೀರೆ, ಸೌತೆ ಬೀಜ ಸಿಕ್ಕಿದರೆ ಈ ಮಳೆಗೇ ಹಾಕಿ. ನೆನಪಿಗೆ ಅಂತ ಡಬ್ಬಿಯಲ್ಲಿಟ್ಟರೆ ಬೀಜ ಸಾಯುತ್ತದೆ. ಜಾಸ್ತಿ ಇದ್ದರೆ ನಮ್ಮೂರಲ್ಲಿ ವನಸ್ತ್ರೀ ಅಂತ ಬೀಜ ಉಳಿಸುವ ಹೆಂಗಸರ ಬಳಗವಿದೆ, ಅಲ್ಲಿ ಕೇಳಿ ನೋಡಿ.

ಮಾಗಡಿ ಕಡೆಯವರು:
ಮರ ನೆಡುವುದಾದರೆ ನೆಡುವ ದಿನದ ಯೋಚನೆ ಬಿಡಿ, ಮುಂದಿನ ಬೇಸಿಗೆಯದು ಮಾಡಿ. ನಮ್ಮ ಕಡೆ ಹುಲಿಕಲ್‌ನಿಂದ ಕುದೂರಿಗೆ ಹೋಗುವ ದಾರಿಯಲ್ಲಿ ಸಾಲುಮರದ ತಿಮ್ಮಕ್ಕ ಮತ್ತು ಅವರ ಗಂಡ ಬೆಳೆಸಿದ 385 ಆಲದ ಮರಗಳಿವೆ. 2025ರ ನವೆಂಬರ್‌ನಲ್ಲಿ ತಿಮ್ಮಕ್ಕ ತೀರಿಕೊಂಡಾಗ ಎಲ್ಲರೂ ಅವರು ನೆಟ್ಟಿದ್ದನ್ನು ಹೇಳಿದರು. ಗಂಡ ಹೆಂಡತಿ ದೂರದಿಂದ ನೀರು ಹೊತ್ತು ಹಾಕಿ, ದನ ಬಾಯಿ ಹಾಕದ ಹಾಗೆ ಮುಳ್ಳು ಕಟ್ಟಿದ್ದು ಅದಕ್ಕಿಂತ ದೊಡ್ಡ ಕೆಲಸ. ನೀವು ಬೆಂಗಳೂರಿನಲ್ಲಿ, ಗಿಡ ಸಾಗರದಲ್ಲಿ. ಏಪ್ರಿಲ್‌ನಲ್ಲಿ ನೀರು ಹಾಕುವವರು ಯಾರು? ಊರಲ್ಲಿ ಒಬ್ಬರನ್ನು ಒಪ್ಪಿಸಿ, ಆಮೇಲೆ ಗುಂಡಿ ತೆಗೆಯಿರಿ.

ಇನ್ನೊಂದು ಮಾತು. ರಸ್ತೆ ಬದಿಯಲ್ಲಿ ನೆಡಬೇಡಿ. ರಸ್ತೆ ಅಗಲ ಮಾಡುವಾಗ ಮೊದಲು ಹೋಗುವುದು ಅದೇ. ನಮ್ಮ ತಾಯಿ ಹೆಸರಲ್ಲಿ ನೆಟ್ಟ ಹೊಂಗೆ ಹಾಗೇ ಹೋಯಿತು.

ಮಂಗಳೂರಿನಿಂದ:
ಅಮ್ಮ ಕಳಿಸಿದ ವಾಟ್ಸಾಪ್ ವಾಯ್ಸ್ ಮೆಸೇಜ್ ಇವೆಯಾ? ಇವತ್ತೇ ತೆಗೆದಿಡಿ. ಚಾಟ್ ಎಕ್ಸ್‌ಪೋರ್ಟ್ ಮಾಡುವಾಗ ಮೀಡಿಯಾ ಸಮೇತ ಅಂತ ಕೊಟ್ಟು, ಇನ್ನೊಂದು ಕಡೆಯೂ ಒಂದು ಕಾಪಿ ಇಡಿ. ಫೋನ್ ಬದಲಾಯಿಸುವಾಗ ಎಷ್ಟೋ ಜನ ಇದನ್ನು ಕಳೆದುಕೊಳ್ಳುತ್ತಾರೆ. “ಮಲ್ಲಿಗೆ ಬುಡಕ್ಕೆ ನೀರು ಜಾಸ್ತಿ ಹಾಕ್ಬೇಡ” ಅಂತ ನಮ್ಮಮ್ಮ ಬೈದ ಮೆಸೇಜನ್ನೇ ನನ್ನ ಮಗಳು ಮತ್ತೆ ಮತ್ತೆ ಹಾಕಿಸಿಕೊಳ್ಳುತ್ತಾಳೆ.

ಕೋಲಾರದಿಂದ:
ನಮ್ಮಜ್ಜಿಗೆ ತೋಟ ಇರಲಿಲ್ಲ. ಹೊಲದ ಬದುವೇ ತೋಟ. ಮಳೆ ಬಿದ್ದ ಮೇಲೆ ಮಡಿಲು ಕಟ್ಟಿಕೊಂಡು ಹೊರಟರೆ ಅಣ್ಣೆ, ಗಣಿಕೆ, ಹೊನಗೊನ್ನೆ ಅಂತ ಬೆರಕೆ ಸೊಪ್ಪು ತರುತ್ತಿದ್ದರು. ಅವತ್ತು ಮನೆಯಲ್ಲಿ ಮುದ್ದೆ, ಮಸ್ಸೊಪ್ಪು. ಆ ರುಚಿ ನಮಗೆಲ್ಲ ಗೊತ್ತು. ಸೊಪ್ಪಿನ ಗುರುತು ಮಾತ್ರ ಒಬ್ಬರಿಗೂ ಇಲ್ಲ.

ಅಜ್ಜಿಯ ತಂಗಿ ಇನ್ನೂ ಇದ್ದಾರೆ. “ಅಜ್ಜಿ ಬಗ್ಗೆ ಏನಾದ್ರೂ ಹೇಳಿ” ಅಂದರೆ “ಏನ್ ಹೇಳೋದಪ್ಪಾ, ದೇವ್ರಂಥೋಳು” ಅಂತ ಸುಮ್ಮನಾಗಿಬಿಡುತ್ತಿದ್ದರು. ಒಂದು ಬೆಳಗ್ಗೆ ಬದುವಿಗೆ ಕರೆದುಕೊಂಡು ಹೋಗಿ ಒಂದು ಸೊಪ್ಪು ಕಿತ್ತು ಕೈಗೆ ಕೊಟ್ಟೆವು. ಶುರುವಾಯಿತು ನೋಡಿ! “ಹಿಂಗೆ ಬೇರು ಸಮೇತ ಕಿತ್ರೆ ಅಕ್ಕ ಕೈಗೆ ಹೊಡೀತಿದ್ಲು. ಕುಡಿ ಚಿವುಟಬೇಕು, ಬುಡ ಬಿಡಬೇಕು, ನಾಳೆ ಇನ್ನೊಬ್ರು ಬರ್ತಾರೆ.” ಸುಮ್ನೆ ಮೊಬೈಲ್ ಆನ್ ಮಾಡಿಟ್ಟೆವು, ಅಷ್ಟೇ. ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿ ಪ್ರಶ್ನೆ ಕೇಳಿದರೆ ಬರುವುದು ಹೊಗಳಿಕೆ. ಕೈಗೊಂದು ವಸ್ತು ಕೊಟ್ಟರೆ ಮನುಷ್ಯರೇ ಎದ್ದು ಬರುತ್ತಾರೆ.

ಮಕ್ಕಳಿಗೆ ಒಂದು ಎಚ್ಚರ ಹೇಳಿಕೊಡಿ. ಗುರುತು ಸಿಗದ ಸೊಪ್ಪನ್ನು ಫೋಟೋ ನೋಡಿ ಕಿತ್ತು ತಿನ್ನಬಾರದು. ಕಳೆ ಔಷಧಿ ಹೊಡೆದ ಬದುವಿನದಂತೂ ಬೇಡವೇ ಬೇಡ.

ಮೆಲ್ಬರ್ನ್‌ನಿಂದ:
ಇಲ್ಲಿಗೆ ಊರಿನ ಬೀಜ, ಗೆಡ್ಡೆ ಕೈಯಲ್ಲಿ ಹಿಡಿದು ತರುವ ಹಾಗಿಲ್ಲ, ಏರ್‌ಪೋರ್ಟಲ್ಲೇ ತಗೊಂಡುಬಿಡುತ್ತಾರೆ. ಹಾಗಾಗಿ ಊರಿಗೆ ಹೋದಾಗ ಮಗ ಅಜ್ಜಿಯ ಹಿತ್ತಲಿನ ನಕ್ಷೆ ಬರೆದ. ಬಾವಿ ಎಲ್ಲಿ, ಕೆಸು ಎಲ್ಲಿ, ಹಾವು ಕಂಡಿದ್ದು ಎಲ್ಲಿ. ಅಳತೆ ಸರಿಯಿಲ್ಲ, ಹಾವು ಮನೆಗಿಂತ ಉದ್ದ ಇದೆ. ನಿಮ್ಮ ಮಗನಿಗೂ ಹೇಳಿ ನೋಡಿ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಗಿಡ ಹಂಚುವುದನ್ನು ಬಿಟ್ಟೆವು. ಹಿತ್ತಲ ಹಳ್ಳದ ಅಂಚಿನಲ್ಲಿ ಒಂದು ಅಪ್ಪೆಮಿಡಿ ಮಾವಿನ ಮರ ಇದೆ. ಅಮ್ಮ ಪ್ರತಿ ವರ್ಷ ಉಪ್ಪಿನಕಾಯಿ ಹಾಕುತ್ತಿದ್ದದ್ದು ಅದರದೇ ಮಿಡಿಯಿಂದ. ಮರಕ್ಕೆ ವಯಸ್ಸಾಗಿದೆ, ಒಂದು ಕಡೆ ಟೊಳ್ಳು. ಗೊರಟು ನೆಟ್ಟರೆ ಅದೇ ಪರಿಮಳ ಬರುತ್ತದಾ?

ಅಂಕೋಲಾದಿಂದ:
ಕಾಡುಮರ ಆದರೆ ಬೀಜ ಸಾಕು, ತಾಯಿಮರ ಚೆನ್ನಾಗಿರಬೇಕು ಅಷ್ಟೇ. ನಮ್ಮ ಹೊನ್ನಳ್ಳಿಯ ತುಳಸಿ ಗೌಡ ಅವರು, 2024ರ ಡಿಸೆಂಬರ್‌ನಲ್ಲಿ ಹೋದರಲ್ಲ, ಬೀಜ ಆರಿಸುವಾಗ ನೋಡುತ್ತಿದ್ದದ್ದು ಅದನ್ನೇ. ಅಪ್ಪೆಮಿಡಿಗೆ ಮಾತ್ರ ಗೊರಟು ನಂಬಬೇಡಿ, ಯಾವ ರುಚಿ ಬರುತ್ತದೋ ಹೇಳಲಾಗದು. ಕಸಿಯೇ ದಾರಿ.

ಶಿರಸಿಯಿಂದ:
ಹೌದು, ಕಸಿ ಕಟ್ಟಿಸಿ. ಮಳೆಗಾಲವೇ ಒಳ್ಳೆಯ ಕಾಲ, ತಡ ಮಾಡಬೇಡಿ. ಮರ ಪೂರ್ತಿ ಹೋದರೆ ಕಡ್ಡಿಯೂ ಇಲ್ಲ. ಕಡ್ಡಿ ಕೊಯ್ಯುವ ವಾರ ಹತ್ತು ದಿನ ಮೊದಲೇ ಅದರ ಎಲೆ ಸವರಿ ಬಿಡುತ್ತಾರೆ, ಚಿಗುರೊಡೆಯುವ ಕಣ್ಣು ಉಬ್ಬುತ್ತದೆ. ಕಾಟುಮಾವಿನ ಸಸಿಗೆ ಕಟ್ಟುತ್ತಾರೆ. ಒಂದೇ ಕಟ್ಟಿಸಬೇಡಿ, ಐದಾರು ಇರಲಿ, ಎಲ್ಲವೂ ಹಿಡಿಯುವುದಿಲ್ಲ. ನಾಲ್ಕೈದು ವರ್ಷಕ್ಕೆ ಮಿಡಿ ನೋಡಬಹುದು. ಕಸಿ ಗಂಟಿನ ಕೆಳಗೆ ಚಿಗುರಿದ್ದೆಲ್ಲ ಕಾಟುಮಾವು, ಅದನ್ನು ಚಿವುಟುತ್ತಲೇ ಇರಬೇಕು. ಆ ಕೆಲಸ ಮಕ್ಕಳಿಗೆ ಕೊಡಿ, ರಜೆಗೆ ಬಂದಾಗಲೆಲ್ಲ ಮಾಡಲಿ. ಬೆಂಗಳೂರಿಗೆ ಒಂದನ್ನು ಕುಂಡದಲ್ಲಿ ಒಯ್ದರೂ ಆದೀತು, ಮಿಡಿಯ ಆಸೆ ಮಾತ್ರ ಇಟ್ಟುಕೊಳ್ಳಬೇಡಿ. ಸಾಗರದ ಸುತ್ತ ಅಪ್ಪೆಮಿಡಿ ಕಸಿ ಕಟ್ಟುವವರು ಇದ್ದಾರೆ, ಮೇ ತಿಂಗಳಲ್ಲೇ ಮಾತಾಡಿಟ್ಟುಕೊಳ್ಳಿ.